ಅಕ್ಕಯಮ್ಮನ ಬೋಣಿ

ದೀಪಾವಳಿಗೆ ಮುಂಚೆಯೇ ಬಂದ ಬೋರ್ಡು ಕಾರ್ತಿಕ ಕಳೆಯುತ್ತ ಬಂದರೂ ಬೀದಿಯ ಮುಖ ಕಂಡಿರಲಿಲ್ಲ. ನಡುಮನೆಯಲ್ಲಿ, ರಾಗಿ ತುಂಬಿದ ಡ್ರಮ್ಮಿನ ಪಕ್ಕ, ಗೋಡೆಯ ಕಡೆ ತಿರುಗಿ ನಿಂತಿತ್ತು. ಅದರ ಮುಂಭಾಗದಲ್ಲಿ ‘ಭಾನುಪ್ರಿಯಾ, ಲೈಫ್ ಕೋಚ್’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಹಿಂಭಾಗ ಬರೀ ತಗಡು. ಅತ್ತೆ ಬೈರಮ್ಮ ಆ ತಗಡಿನ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಭಾನು ಅದನ್ನು ನೋಡಿಯೂ ನೋಡದ ಹಾಗೆ ಓಡಾಡುತ್ತಿದ್ದಳು. ಬಟ್ಟೆ ತೆಗೆಯಿರಿ ಅನ್ನಬೇಕಾದರೆ ಬೋರ್ಡು ಏರಿಸಬೇಕಾಗಿತ್ತು.

“ಬೇಕರಿ ಉಮಾಶಂಕರ್ ಮತ್ತೆ ಸಿಕ್ಕಿದ್ದ,” ಎಂದ ಗಂಡ ಬೀರೇಶ್. ರಾತ್ರಿಯೆಲ್ಲ ಏರ್‌ಪೋರ್ಟಿನಿಂದ ಸಿಟಿಗೆ ಟ್ಯಾಕ್ಸಿ ಓಡಿಸಿ ಬಂದು, ಮುಖ ತೊಳೆದವನೇ ರೊಟ್ಟಿಗೆ ಕೂತಿದ್ದ. “ಮುಂದಿನ ರೂಮು ಕೊಡ್ತೀರೋ ಇಲ್ವೋ, ಒಂದು ಮಾತು ಹೇಳಿಬಿಡಿ ಅಂತಾನೆ. ಷಷ್ಠಿ ಕಳೆದ ಮೇಲೆ ಕಾಯಲ್ವಂತೆ.”

“ಕೊಡಲ್ಲ ಅನ್ರಿ.”

“ಅನ್ನೋಣ. ನೀನು ಶುರು ಮಾಡು, ಇವತ್ತೇ ಅಂದುಬಿಡ್ತೀನಿ. ಶುರು ಮಾಡದೆ ಇರೋದಕ್ಕೆ ಯಾರಾದ್ರೂ ರೂಮು ಖಾಲಿ ಇಡ್ತಾರಾ ಭಾನು?”

ಭಾನು ಇನ್ನೊಂದು ರೊಟ್ಟಿ ಅವನ ತಟ್ಟೆಗೆ ಹಾಕಿದಳು. ಮಾತಿನ ಬದಲು ರೊಟ್ಟಿ ಹಾಕುವುದು ಅವಳಿಗೆ ಇತ್ತೀಚೆಗೆ ಬಂದ ವಿದ್ಯೆ.

“ಸಾಕು, ಸಾಕು! ಎಷ್ಟು ತಿನ್ನೋದು?” ಎಂದು ಬೀರೇಶ್ ತಟ್ಟೆಗೆ ಕೈ ಅಡ್ಡ ಹಿಡಿದ.

ಪಕ್ಕದ ವಿಜಯಪುರಕ್ಕೆ ಹೋಗುವ ರಸ್ತೆಗೆ ಮುಖ ಮಾಡಿದ ಆ ರೂಮು ಹಿಂದೆ ಹಜಾರವಾಗಿತ್ತು. ಹೊಲ ವಿಮಾನ ನಿಲ್ದಾಣಕ್ಕೆ ಹೋದಾಗ ಬಂದ ದುಡ್ಡಿನಲ್ಲಿ ಮನೆ ದೊಡ್ಡದು ಮಾಡುವಾಗ, ಹಜಾರಕ್ಕೆ ಶಟರ್ ಹಾಕಿಸಿ ಅಂಗಡಿ ಮಾಡಿಸಿದ್ದರು. ಮೇಸ್ತ್ರಿ ಎಷ್ಟು ಬುದ್ಧಿವಂತನೆಂದರೆ, ಅಂಗಡಿ ಕಟ್ಟುವ ಭರದಲ್ಲಿ ಅಡುಗೆಮನೆಗಿದ್ದ ಒಂದೇ ಕಿಟಕಿಯನ್ನೂ ಮುಚ್ಚಿಬಿಟ್ಟಿದ್ದ. ಹೊಗೆ ಹೋಗಲು ಬೈರಮ್ಮ ಹಟ ಮಾಡಿ ಸೂರಿನ ಹತ್ತಿರ ಒಂದು ಕಿಂಡಿ ಒಡೆಸಿದ್ದಳು. ಆ ಕಿಂಡಿ ಅಂಗಡಿಯೊಳಕ್ಕೇ ತೆರೆದುಕೊಂಡಿತ್ತು. ಮೊಬೈಲ್ ರೀಚಾರ್ಜ್ ಮಾಡುತ್ತಿದ್ದ ಹುಡುಗ ಅಲ್ಲಿ ಏಳು ವರ್ಷ ಒಗ್ಗರಣೆ ಹೊಗೆ ಕುಡಿದು, ಕೊರೊನಾ ಬಂದಾಗ ಬಾಗಿಲು ಹಾಕಿಕೊಂಡು ಊರಿಗೆ ಹೋದ. ಅದೇ ಕೊರೊನಾದಲ್ಲಿ ಭಾನುವಿನ ಕೆಲಸವೂ ಹೋಯಿತು.

ಅವಳದು ಏರ್‌ಪೋರ್ಟಿನ ಹೆಲ್ಪ್ ಡೆಸ್ಕಿನ ಕೆಲಸ. ವಿಮಾನ ತಪ್ಪಿಸಿಕೊಂಡವರು, ಪಾಸ್‌ಪೋರ್ಟ್ ಮರೆತವರು, ತಂದೆ ಸತ್ತ ಸುದ್ದಿ ತಿಳಿದು ಟಿಕೆಟ್ ಸಿಗದೆ ನೆಲದ ಮೇಲೆ ಕುಸಿದವರು, ಎಲ್ಲರೂ ಅವಳ ಮುಂದೆ ಬಂದು ಅತ್ತಿದ್ದರು. ಭಾನು ಅವರನ್ನು ಕೂರಿಸಿ, ನೀರು ಕೊಟ್ಟು, ಉಸಿರು ತಹಬದಿಗೆ ಬರುವವರೆಗೆ ಜೊತೆಗಿರುತ್ತಿದ್ದಳು. ‘ನೀನು ಇದನ್ನೇ ಕಸುಬು ಮಾಡ್ಕೋ’ ಎಂದು ಜೊತೆಯವರು ಹೇಳಿದ್ದು ತಲೆಯಲ್ಲಿ ಕೂತಿತ್ತು. ಕೆಲಸ ಹೋದ ಮೇಲೆ ಫೋನಿನಲ್ಲೇ ಕೋರ್ಸ್ ಮಾಡಿದಳು, ಸರ್ಟಿಫಿಕೇಟು ಬಂತು, ಎರಡು ಕುರ್ಚಿ, ಒಂದು ಮೇಜು, ಬೋರ್ಡು, ಎಲ್ಲ ಬಂದವು. ಧೈರ್ಯವೊಂದು ಬರಲಿಲ್ಲ. ಅಲ್ಲಿ ಯೂನಿಫಾರ್ಮ್ ಇತ್ತು. ಅದು ನಿಂತ ಕಡೆ ಜನ ಬಂದು ಮಾತಾಡುತ್ತಿದ್ದರು. ಇಲ್ಲಿ ಬರೀ ಭಾನು. ಬರೀ ಭಾನುವಿನ ಹತ್ತಿರ ಯಾರು ಬರುತ್ತಾರೆ, ಬಂದರೆ ಏನು ಹೇಳುವುದು ಎಂದು ನೆನೆದರೆ ಸಾಕು, ಅಂಗೈ ತಣ್ಣಗಾಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು.

ಸಂಜೆ ಅವರೆಕಾಳು ಹಿದುಕಲು ಮನೆಯವರೆಲ್ಲ ನಡುಮನೆಯಲ್ಲಿ ಸುತ್ತ ಕೂತರು. ನೆನೆದ ಕಾಳನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಿಗಿಯುತ್ತಿತ್ತು.

“ಅಲ್ಲಾ ಭಾನು,” ಎಂದಳು ಬೈರಮ್ಮ, “ಆ ಕೆಲಸ ಅಂದ್ರೆ ಏನು ಅಂತ ಪಕ್ಕದ್ಮನೆ ಮುನಿತಾಯಮ್ಮ ಕೇಳಿದ್ಲು. ನಂಗೆ ಹೇಳಕ್ಕೇ ಬರ್ಲಿಲ್ಲ.”

“ಮನಸ್ಸಲ್ಲಿ ಗೊಂದಲ ಇರೋರು ಬರ್ತಾರೆ ಅತ್ತೆ. ಕೆಲಸ ಬಿಡ್ಲಾ, ಮದುವೆ ಆಗ್ಲಾ, ಏನು ಮಾಡ್ಲಿ ಅಂತ. ಅವರು ಹೇಳಿದ್ದನ್ನ ಕೇಳ್ತೀನಿ. ನಾನೂ ಒಂದೊಂದು ಪ್ರಶ್ನೆ ಕೇಳ್ತೀನಿ. ಅವರ ದಾರಿ ಅವರಿಗೇ ಕಾಣುತ್ತೆ.”

“ಅದಕ್ಕೆ ದುಡ್ಡು ಕೊಡ್ತಾರಾ?”

“ಕೊಡ್ತಾರೆ.”

“ಶಿವನೇ! ಮದುವೆಯಾಗಿ ಬಂದಾಗಿಂದ ಮುನಿತಾಯಮ್ಮನ ಗೋಳು ಬಿಟ್ಟಿ ಕೇಳಿದ್ನಲ್ಲ ನಾನು!”

ಪಿಯುಸಿ ಓದುವ ಮಗಳು ಕೀರ್ತನ ನಕ್ಕು, ಬಾಯಿಗೆ ಹಾಕಿಕೊಂಡಿದ್ದ ಹಸಿ ಬೇಳೆ ಉಗುಳಿದಳು. “ಅಜ್ಜಿ, ನೀನೂ ಒಂದು ಬೋರ್ಡ್ ಹಾಕ್ಕೋ. ಅಮ್ಮನಿಗಿಂತ ಮುಂಚೆ ನೀನೇ ಶುರು ಮಾಡ್ತೀಯ.”

“ನಿಂಗೆ ಓದೋದಿಲ್ವೇನೇ?” ಎಂದಳು ಭಾನು.

“ಅಮ್ಮ, ನಿಜ ಹೇಳು, ಹೆದರಿಕೆ ತಾನೆ? ಬಾ, ನಾನು ಕ್ಲೈಂಟ್ ಆಗ್ತೀನಿ. ಪ್ರಾಕ್ಟೀಸ್ ಮಾಡು.”

ಮುಂದಿನ ಭಾನುವಾರ ಅದೂ ಆಯಿತು. ಶಟರ್ ಅರ್ಧ ಇಳಿಸಿ ಅಮ್ಮ ಮಗಳು ಎದುರೆದುರು ಕೂತರು. ಭಾನು ಬಾಯಿಪಾಠ ಮಾಡಿದ್ದ ಸ್ವಾಗತದ ಮಾತು ಶುರು ಮಾಡಿ, ಎರಡನೆಯ ಸಾಲಿನಲ್ಲಿ ತಡವರಿಸಿದಳು.

“ನನ್ನ ಸಮಸ್ಯೆ ಏನಂದ್ರೆ ಮೇಡಂ, ನಮ್ಮಮ್ಮ ನನಗೆ ಸ್ಕೂಟಿ ಕೊಡಿಸಲ್ಲ,” ಎಂದಳು ಕೀರ್ತನ ಗಂಭೀರವಾಗಿ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಬೈರಮ್ಮ ಒಣಮೆಣಸಿನಕಾಯಿ ಎಣ್ಣೆಗೆ ಹಾಕಿದಳು. ಕಿಂಡಿಯಿಂದ ಘಾಟು ಇಳಿಯಿತು. ಕೋಚೂ ಕ್ಲೈಂಟೂ ಸೀನುತ್ತ, ಕೆಮ್ಮುತ್ತ, ಕಣ್ಣೊರೆಸುತ್ತ ಬೀದಿಗೆ ಓಡಿದರು.

“ಏನ್ರೇ ಅದು ಸಂಭ್ರಮ?” ಎಂದು ಒಳಗಿನಿಂದ ಬೈರಮ್ಮ ಕೂಗಿದಳು. ಕಿಂಡಿಯ ಮೂಲಕ ಆ ಮಾತು ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿತ್ತು.

ಕಾರ್ತಿಕದ ಕೊನೆಯ ಸೋಮವಾರ ಒಬ್ಬಳು ನಿಜವಾಗಿಯೇ ಬಂದಳು. ಸಿಂಚನ ಎಂದು ಹೆಸರು; ಏರ್‌ಪೋರ್ಟಿನ ಹತ್ತಿರದ ಹೋಟೆಲಿನಲ್ಲಿ ಕೆಲಸ. ಭಾನುವಿನ ಹಳೆಯ ಜೊತೆಗಾತಿಯೊಬ್ಬಳು ನಂಬರು ಕೊಟ್ಟಿದ್ದಳು. ಭಾನು ಬೆಳಿಗ್ಗೆಯೇ ಎದ್ದು, ಅಡುಗೆ ಮುಗಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ರೂಮು ಗುಡಿಸಿ, ಮೇಜಿನ ಮೇಲೆ ನೀರಿಟ್ಟಳು. ಬೀದಿಯಲ್ಲಿ ಸ್ಕೂಟರು ನಿಂತ ಸದ್ದು ಕೇಳಿತು. ಅಷ್ಟೇ. ಕಾಲುಗಳು ತಾವಾಗಿಯೇ ಹಿತ್ತಲ ಕಡೆ ನಡೆದವು. ಬಚ್ಚಲ ಬಾಗಿಲು ಹಾಕಿಕೊಳ್ಳುವ ಮುಂಚೆ ಅತ್ತೆಗೆ ಇಷ್ಟೇ ಹೇಳಲು ಸಾಧ್ಯವಾಯಿತು: “ನಾನಿಲ್ಲ ಅಂದುಬಿಡಿ.”

ಬೈರಮ್ಮ ಹೊಸ್ತಿಲ ಮೇಲೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಅದರ ಮುಂದೆಯೇ ನಿಂತು ಆ ಹುಡುಗಿಗೆ ಏನೋ ಹೇಳಿದಳು. ಸ್ಕೂಟರು ಹೊರಟುಹೋಯಿತು. ಭಾನು ಮುಖ ತೊಳೆದು ಈಚೆ ಬಂದಾಗ ಬೈರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನಂದ್ರಿ ಅತ್ತೆ?”

“ದೊಡ್ಡಬಳ್ಳಾಪುರದಲ್ಲಿ ಸಾವಾಗೈತೆ, ಹೋಗವ್ಳೆ ಅಂದೆ.”

“ಯಾರನ್ನ ಸಾಯಿಸಿದ್ರಿ?”

“ನಿಮ್ಮ ಸೋದರತ್ತೇನ. ಅವಮ್ಮ ಹೆಂಗೂ ಸತ್ತು ಎಷ್ಟೋ ವರ್ಷ ಆಯ್ತಲ್ಲ, ಪಾಪ ತಗಲಲ್ಲ ಅಂತ.” ಅಷ್ಟು ಹೇಳಿ ಬೈರಮ್ಮನ ದನಿ ಏರಿತು. “ಆದ್ರೂ ಕಾರ್ತಿಕ ಸೋಮವಾರ, ದೀಪದ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲ! ಆ ಹುಡುಗಿ ಕಣ್ಣು ಕೆಂಪಗಿತ್ತು ಕಣೇ. ಅತ್ಕೊಂಡು ಬಂದಿದ್ಲು. ಮಾಡಕ್ಕಾಗದಿದ್ರೆ ಬಿಟ್ಟುಬಿಡು. ಬೇಕರಿಯೋನಿಗೆ ಕೊಡೋಣ. ಬನ್ನಾದ್ರೂ ಬಿಸಿಬಿಸಿ ಸಿಗ್ತದೆ.”

ಭಾನು ಇಸ್ತ್ರಿ ಸೀರೆಯಲ್ಲೇ ಕೂತು ಪಾತ್ರೆ ತೊಳೆದಳು. ಫೋನಿನಲ್ಲಿ ಸಿಂಚನಳಿಗೆ ಕ್ಷಮೆ ಕೇಳಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ‘ಪರವಾಗಿಲ್ಲ ಮೇಡಂ, ನಿಮ್ಮ ಅತ್ತೆಯವರ ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಉತ್ತರ ಬಂತು. ಅದನ್ನು ಓದಿ ಭಾನುವಿಗೆ ನಗುವುದಕ್ಕೂ ಆಗಲಿಲ್ಲ.

ಸಂಜೆ ಮಾವ ಆದಿನಾರಾಯಣಪ್ಪ ಜಗುಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ಸವರಿಕೊಳ್ಳುತ್ತಿದ್ದ. ಶನಿವಾರಗಳಲ್ಲಿ ರಾಮಮಂದಿರದಲ್ಲಿ ರಾಗವಾಗಿ ಭಾರತ ಓದುವವನು ಅವನೇ. ಮನೆಯಲ್ಲಿ ಹೆಚ್ಚು ಮಾತಿಲ್ಲ. ಮಾತಾಡುವ ಬದಲು ಯಾವುದಾದರೂ ಪದ್ಯ ಗುನುಗುತ್ತಿದ್ದ. ಭಾನು ಕಾಫಿ ಕೊಟ್ಟು ಅಲ್ಲೇ ನಿಂತಳು.

“ಮಾವ, ಮೊದಲ ಸಲ ಜನರ ಮುಂದೆ ಓದಿದಾಗ ನಿಮಗೆ ಭಯ ಆಗ್ಲಿಲ್ವಾ?”

“ಮೊದಲ ಸಲ ಏನು, ಮೊನ್ನೆ ಶನಿವಾರವೂ ಆಯ್ತು.”

“ನಿಮಗಾ?”

“ಹೂಂ. ಮೊದಲ ಪದ್ಯ ಯಾವಾಗಲೂ ಕಣ್ಣು ಮುಚ್ಕೊಂಡೇ ಹೇಳೋದು ನಾನು. ಎದುರಿಗಿರೋರ ಮುಖ ನೋಡಿದ್ರೆ ದನಿ ಬರಲ್ಲ. ಜನ ಅದನ್ನ ಭಕ್ತಿ ಅನ್ಕೊಂಡವ್ರೆ.” ಕಾಫಿ ಲೋಟ ಅತ್ತಿತ್ತ ತಿರುಗಿಸಿ, “ನಿಮ್ಮತ್ತೆಗೆ ಹೇಳ್ಬೇಡ. ಅವಳೂ ಹಂಗೇ ಅನ್ಕೊಂಡವ್ಳೆ,” ಎಂದ.

ಬೈರಮ್ಮ ಮೂರು ದಿನ ಸೊಸೆಯೊಡನೆ ಉಪ್ಪು, ಹಾಲು, ನೀರು ಬಿಟ್ಟು ಬೇರೆ ಮಾತಾಡಲಿಲ್ಲ. ನಾಲ್ಕನೆಯ ದಿನ ಸೊಪ್ಪು ಬಿಡಿಸುತ್ತ ತಾನಾಗಿಯೇ ಬಾಯಿಬಿಟ್ಟಳು.

“ತಪ್ಪು ನಿಂದಲ್ಲ ಬಿಡು. ಬೋಣಿ ಸರಿಯಾಗ್ಲಿಲ್ಲ. ಗೊತ್ತುಗುರಿ ಇಲ್ಲದೋರು ಅಳ್ತಾ ಬಂದ್ರೆ ಮೊದಲ ಗಿರಾಕಿ ಆಗ್ತಾರಾ? ಮೊದಲು ಒಳ್ಳೆ ಕೈ ಬೀಳ್ಬೇಕು. ಅಕ್ಕಯಮ್ಮಂಗೆ ಹೇಳಿದ್ದೀನಿ. ಶುಕ್ರವಾರ ಬರ್ತಾಳೆ.”

“ಅತ್ತೆ, ಇದು ಕಿರಾಣಿ ಅಂಗಡಿಯಲ್ಲ.”

“ಶಟರ್ ಐತಲ್ಲ? ಶಟರ್ ಇದ್ದ ಮೇಲೆ ಅಂಗಡೀನೇ.”

ಊರಿನಲ್ಲಿ ಅಕ್ಕಯಮ್ಮನ ಕೈಗುಣ ಹೆಸರುವಾಸಿ. ಹೊಲಗಳಿದ್ದ ಕಾಲದಲ್ಲಿ ಯಾರ ಮನೆಯ ಬಿತ್ತನೆಯಾದರೂ ಕೂರಿಗೆಯ ಹಿಂದೆ ಮೊದಲ ಕಾಳು ಬಿಡಲು ಅವಳನ್ನೇ ಕರೆಯುತ್ತಿದ್ದರು. ಹೊಲ ಹೋಗಿ ಅಂಗಡಿಗಳು ಬಂದ ಮೇಲೆ ಮೊದಲ ವ್ಯಾಪಾರಕ್ಕೂ ಅವಳೇ. ಹೋಟೆಲಿನ ಮೊದಲ ಇಡ್ಲಿ, ಬಟ್ಟೆ ಅಂಗಡಿಯ ಮೊದಲ ರವಿಕೆ ಕಣ, ಮೆಡಿಕಲ್ ಶಾಪಿನ ಮೊದಲ ಮಾತ್ರೆ, ಎಲ್ಲ ಅವಳ ಕೈಗೇ. ಬೈರಮ್ಮನಿಗೆ ಅವಳು ಮದುವೆಯಾಗಿ ಬಂದ ವರ್ಷದಿಂದ ಗೆಳತಿ.

ಶುಕ್ರವಾರ ಬೈರಮ್ಮ ರೂಮಿಗೆ ಸಗಣಿ ನೀರು ಚಿಮುಕಿಸಿ, ಶಟರಿಗೆ ಮಾವಿನೆಲೆ ಕಟ್ಟಿ, ಮೇಜಿಗೆ ಅರಿಶಿನ ಕುಂಕುಮ ಇಟ್ಟಳು. ಅಕ್ಕಯಮ್ಮ ಬಂದಾಗ ಅವಳ ಕೈಗೆ ಎಲೆ ಅಡಿಕೆ ಮೇಲೆ ಒಂದು ನೋಟಿಟ್ಟು, “ಇದನ್ನ ಬರೋವಾಗ ಅವಳ ಕೈಗೆ ಕೊಡು. ಬೋಣಿ,” ಎಂದು ಪಿಸುಗುಟ್ಟಿದ್ದು ಭಾನುವಿಗೂ ಕೇಳಿಸಿತು.

“ನಿನ್ನ ದುಡ್ಡು ನಿನ್ನ ಸೊಸೆಗೆ ನನ್ನ ಕೈಯಲ್ಲಿ ಕೊಡ್ಸೋದಾ?” ಎಂದಳು ಅಕ್ಕಯಮ್ಮ.

“ಕೈ ನಿಂದಲ್ವಾ? ಅಷ್ಟು ಸಾಕು. ಹೋಗೇ, ರಾಹುಕಾಲ ಬಂದುಬಿಡ್ತದೆ.”

ಜಗುಲಿಯ ಮೇಲೆ ಆದಿನಾರಾಯಣಪ್ಪ, ಅವನ ಪಕ್ಕ ನಿದ್ದೆಗಣ್ಣಿನ ಬೀರೇಶ್, ಕಾಲೇಜಿಗೆ ಹೊರಟೂ ಹೊರಡದ ಕೀರ್ತನ, ಎಲ್ಲರೂ ಮದುವೆಮನೆಯ ಮುಂದೆ ಕೂತವರ ಹಾಗೆ ಕೂತಿದ್ದರು. ಬೈರಮ್ಮ ಕಾಳಿನ ಬೇಸಿನ್ನು ಎಳೆದುಕೊಂಡು ಅಡುಗೆಮನೆಯಲ್ಲಿ ಹಿದುಕಲು ಕೂತಳು. ಭಾನು ರೂಮಿನ ಒಳಬಾಗಿಲು ಹಾಕಿದಳು.

ಎದುರಿನ ಕುರ್ಚಿಯ ತುದಿಯಲ್ಲಿ ಅಕ್ಕಯಮ್ಮ ಬಸ್ಸಿನಲ್ಲಿ ಕೂತವಳಂತೆ ಕೂತಿದ್ದಳು. ಸಣ್ಣ ದೇಹ, ದೊಡ್ಡ ಕೈಗಳು. ಭಾನು ಬಾಯಿ ತೆರೆದಳು. ಸ್ವಾಗತದ ಮಾತು ಒಂದೂ ಬರಲಿಲ್ಲ. ಅಂಗೈ ತಣ್ಣಗಾಯಿತು. ಎದ್ದು ಓಡೋಣವೆಂದರೆ ಜಗುಲಿಯಲ್ಲಿ ಅಷ್ಟೂ ಜನ. ಬೇರೆ ದಾರಿ ತೋಚದೆ, ಮಾವ ಹೇಳಿದ್ದು ನೆನಪಾಗಿ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಎದುರಿಗಿನ ಮುಖ ಕಾಣದಿದ್ದರೆ ಒಂದು ಮಾತಾದರೂ ಬಂದೀತು.

ಮಾತು ಬರಲಿಲ್ಲ. ಬಳೆಯ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಭಾನು ಕಣ್ಣು ತೆರೆದು ನೋಡಿದರೆ, ಅಕ್ಕಯಮ್ಮ ಪ್ರಾರ್ಥನೆಯೆಂದು ತಿಳಿದು, ಕೈ ಮುಗಿದು, ತಾನೂ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ತುಟಿ ಅಲುಗುತ್ತಿತ್ತು.

“ತಾಯೀ, ಈ ಮಗೂಗಾದ್ರೂ ನನ್ನ ಕೈ ತಟ್ಟದೆ ಇರ್ಲಿ,” ಎಂದಳು ಅಕ್ಕಯಮ್ಮ, ದೇವರಿಗೆ.

ಭಾನುವಿಗೆ ಇದು ತನಗೆ ಹೇಳಿದ್ದಲ್ಲವೆಂದು ಗೊತ್ತಿತ್ತು. ಕೊನೆಗೆ ಅಕ್ಕಯಮ್ಮ ಕಣ್ಣು ಬಿಟ್ಟು, ಭಾನು ತನ್ನನ್ನೇ ನೋಡುತ್ತಿರುವುದನ್ನು ಕಂಡು ಬೆಚ್ಚಿದಳು.

“ಯಾಕೆ ದೊಡ್ಡಮ್ಮ ಹಂಗಂದ್ರಿ?”

“ಏನಿಲ್ಲ ಬಿಡು.”

ಭಾನು ನೀರಿನ ಲೋಟ ಅವಳ ಕಡೆ ಸರಿಸಿದಳು. ಹೆಲ್ಪ್ ಡೆಸ್ಕಿನಲ್ಲಿ ಎಷ್ಟೋ ಸಾವಿರ ಸಲ ಮಾಡಿದ ಕೆಲಸ. ಕೈ ತಾನಾಗಿ ಮಾಡಿತು. ಅಕ್ಕಯಮ್ಮ ಲೋಟ ಮುಟ್ಟಲಿಲ್ಲ. ತನ್ನ ಕೈಗಳನ್ನೇ ಮಡಿಲಲ್ಲಿ ತಿರುಗಿಸಿ ನೋಡಿಕೊಂಡಳು.

“ಈ ರೂಮಲ್ಲಿದ್ನಲ್ಲ ಮೊಬೈಲ್ ಹುಡುಗ, ಅವನಿಗೂ ಬೋಣಿ ಮಾಡಿದ್ದು ನಾನೇ. ಏನಾದ?”

“ಅದು ಕೊರೊನಾ ಬಂದು...”

ಅಂದ ಮೇಲೆ ಭಾನು ನಾಲಿಗೆ ಕಚ್ಚಿಕೊಂಡಳು. ಕೋರ್ಸಿನಲ್ಲಿ ಮೊದಲು ಹೇಳಿಕೊಟ್ಟದ್ದೇ ಅದು, ನಡುವೆ ಸಮಾಧಾನ ಹೇಳಲು ಹೋಗಬಾರದೆಂದು.

“ಎಲ್ಲರೂ ಹಂಗೇ ಅಂತಾರೆ. ಅದು ಕೊರೊನಾ, ಇದು ಸರ್ಕಾರ. ಲಕ್ಷ್ಮಯ್ಯನ ಹೊಲಕ್ಕೆ ವರ್ಷಾವರ್ಷ ನಾನೇ ಮೊದಲ ಕಾಳು ಬಿಡ್ತಿದ್ದೆ. ಈಗ ಅದು ಬೇಲಿಯಿಂದಾಚೆ, ವಿಮಾನ ಇಳಿಯೋ ಜಾಗ. ಬೈರಣ್ಣನ ಹೊಲ ಹೋಟೆಲಿನೋರು ಕಾರು ನಿಲ್ಸೋ ಜಾಗ. ನಿಮ್ಮ ಹೊಲಕ್ಕೂ ನಾನೇ ಬಿಡ್ತಿದ್ದೆ ಕಣಮ್ಮ, ನಿಮ್ಮತ್ತೆ ಸಡ್ಡೆ ಕೊಳವೆ ಹಿಡ್ಕೊಂಡು ಕಾಳು ಬಿಡ್ತಾ ಹಿಂದೆ ಬರೋಳು. ಈ ಕೈ ಬಿತ್ತಿದ ಹೊಲ ಒಂದಾದ್ರೂ ಉಳೀತಾ? ಒಂದೂ ಇಲ್ಲ. ವಿಮಾನ ತಗ್ಗಿಗೆ ಬಂದಾಗೆಲ್ಲ ನಾನು ಕೈ ನೋಡ್ಕೋತೀನಿ. ಒಳ್ಳೆ ಕೈ, ಒಳ್ಳೆ ಕೈ ಅಂತಾರೆ. ಯಾರಾದ್ರೂ ಕರೆಯೋಕೆ ಬಂದ್ರೆ ನಂಗೆ ಹಿಂದಿನ ದಿನ ಅನ್ನ ಸೇರಲ್ಲ.”

“ಬರಲ್ಲ ಅನ್ನಬಹುದಿತ್ತಲ್ಲ ದೊಡ್ಡಮ್ಮ?”

“ಯಾರಿಗೆ ಅನ್ನಲಿ? ಬೈರಿಗಾ?” ಅಕ್ಕಯಮ್ಮ ಸುಸ್ತಾದವಳಂತೆ ನಕ್ಕಳು. “ಇಷ್ಟು ವರ್ಷದ ಸ್ನೇಹ. ಸಂತೋಷಕ್ಕೆ ಕರೀತಾಳೆ, ಬಾಣಂತನಕ್ಕೆ ಕರೀತಾಳೆ, ಬೋಣಿಗೆ ಕರೀತಾಳೆ. ನನ್ನ ಕೈ ಕೇಳ್ತಾಳೆ. ‘ಅಕ್ಕಯ, ನೀ ಹೆಂಗಿದ್ದೀಯೇ’ ಅಂತ ಒಂದು ಸಲ ಕೇಳಿಲ್ಲ. ಅವಳ ತಪ್ಪಲ್ಲ. ನಾನೂ ಕೇಳಿಲ್ಲ. ಯಾರಿಗೆ ಪುರುಸೊತ್ತಿತ್ತು?”

ಗೋಡೆಯಾಚೆ ಅಡುಗೆಮನೆ ಸದ್ದಿಲ್ಲದೆ ಇತ್ತು. ಭಾನು ಮುಂದಿನ ಪ್ರಶ್ನೆಗಾಗಿ ತಡಕಾಡಿದಳು. ಕೋರ್ಸಿನಲ್ಲಿ ಕಲಿತ ದೊಡ್ಡ ದೊಡ್ಡ ಪ್ರಶ್ನೆಗಳಲ್ಲಿ ಒಂದೂ ಈ ದೊಡ್ಡ ಕೈಗಳ ಮುಂದೆ ನಿಲ್ಲುವಂಥದ್ದಾಗಿರಲಿಲ್ಲ.

“ನಿಮಗೇ ಅಂತ ಈ ಕೈಯಲ್ಲಿ ಏನಾದ್ರೂ ಬಿತ್ತಿದ್ದೀರಾ ದೊಡ್ಡಮ್ಮ?”

ಅಕ್ಕಯಮ್ಮ ಇಲ್ಲವೆಂದು ತಲೆಯಾಡಿಸಿದಳು. “ನಮ್ಮ ಹೊಲಕ್ಕೆ ನಮ್ಮತ್ತೆ ಬಿಡ್ತಿದ್ರು. ಆಮೇಲೆ ಹೊಲಾನೇ ಹೋಯ್ತು. ಈಗ ಮಗ ಲೇಔಟಲ್ಲಿ ಕಟ್ಟಿಸಿದ್ದಾನೆ, ಸುತ್ತ ಟೈಲ್ಸು. ಒಂದು ಬಣ್ಣದ ಡಬ್ಬದಲ್ಲಿ ಮಣ್ಣು ತುಂಬಿ ಅವರೆ ಹಾಕ್ತೀನಿ ಅಂದ್ರೆ ಸೊಸೆ ಕೊಳೆ ಆಗುತ್ತೆ ಅಂತಾಳೆ.” ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡಳು. “ಸೊಸೆ ಬೇಡ ಅಂದಿದ್ದೇ ಒಳ್ಳೇದಾಯ್ತು ಅನ್ಸುತ್ತೆ. ಹಾಕಿ, ಅದೂ ಬರದೆ ಹೋದ್ರೆ?”

ಹಾಕಿ, ಅದೂ ಬರದೆ ಹೋದರೆ. ಭಾನುವಿಗೆ ಗೋಡೆಗೆ ಮುಖ ಮಾಡಿ ನಿಂತ ಬೋರ್ಡು ಕಣ್ಣ ಮುಂದೆ ಬಂತು. ನನಗೂ ಹಾಗೇ ಅನ್ನಿಸುತ್ತದೆ ಎಂದು ಹೇಳಲು ಬಾಯಿ ಹಂಬಲಿಸಿತು. ಇದು ತನ್ನ ಸರದಿಯಲ್ಲವೆಂದು ತಡೆದುಕೊಂಡಳು.

“ಅದನ್ನೇ ಮುಂದಿನ ಶುಕ್ರವಾರ ಮಾತಾಡೋಣ್ವಾ ದೊಡ್ಡಮ್ಮ? ಬರ್ತೀರಾ?”

“ಬೋಣಿಗೆ ಬರಲ್ಲ,” ಎಂದಳು ಅಕ್ಕಯಮ್ಮ. ಆಮೇಲೆ, “ಮಾತಾಡಕ್ಕೆ ಬರ್ತೀನಿ,” ಎಂದಳು.

ಎದ್ದವಳು ಬೀದಿಗೆ ಹೋಗದೆ ಒಳಬಾಗಿಲು ತೆಗೆದು ನೇರವಾಗಿ ಅಡುಗೆಮನೆಗೆ ಹೋದಳು. ಭಾನು ಹಿಂದೆಯೇ ಹೋದಳು. ಅಕ್ಕಯಮ್ಮ ಸೆರಗಿನಿಂದ ನೋಟು ಬಿಚ್ಚಿ ಬೈರಮ್ಮನ ಕೈಯಲ್ಲಿಟ್ಟಳು.

“ತಗೋ ಬೈರಿ. ಇದು ನಿಂದು. ಬರೋ ಶುಕ್ರವಾರ ನಂದು ತರ್ತೀನಿ.”

ಬೋಣಿಯ ದುಡ್ಡು ವಾಪಸು ಬಂದರೆ ಬೈರಮ್ಮ ಮನೆ ಹಾರಿಹೋಗುವಂತೆ ಕೂಗಬೇಕಿತ್ತು. ಅವಳು ನೋಟನ್ನು ಹಿಡಿದು ಕೂತೇ ಇದ್ದಳು. ಅವಳ ಮುಂದಿನ ಬೇಸಿನ್ನಿನಲ್ಲಿ ಕಾಳು ಹಾಗೆಯೇ ಇತ್ತು; ಪಾತ್ರೆಯಲ್ಲಿ ಹಿದುಕಿದ ಬೇಳೆ ಒಂದು ಹಿಡಿಯೂ ಇರಲಿಲ್ಲ.

“ಕಾಫಿ ಕುಡ್ಕೊಂಡು ಹೋಗೇ,” ಎಂದಳು ಕೊನೆಗೆ.

“ಇನ್ನೊಂದು ದಿನ,” ಎಂದು ಅಕ್ಕಯಮ್ಮ ಹೋದಳು.

ರಾತ್ರಿ ಊಟಕ್ಕೆ ಮುದ್ದೆ, ಹಿದುಕಿದ ಬೇಳೆಯ ಬದಲು ಸೊಪ್ಪಿನ ಸಾರು. ಬೀರೇಶ್ ಡ್ಯೂಟಿಗೆ ಹೊರಡುವ ಅವಸರದಲ್ಲಿದ್ದ.

“ಏನಂದ್ರು ಅಕ್ಕಯಮ್ಮ?” ಎಂದ.

“ಮಾತಾಡಿದ್ರು.”

“ಏನು ಮಾತಾಡಿದ್ರು ಅಂತ.”

“ಅದು ಹೇಳೋ ಹಾಗಿಲ್ಲ.”

“ಅಮ್ಮ, ಹೇಳು ಪ್ಲೀಸ್! ಅಷ್ಟು ಹೊತ್ತು ಏನು ಮಾತಾಡಿದ್ರಿ?” ಎಂದಳು ಕೀರ್ತನ. “ಅವರಿಗೂ ಲವ್ ಸ್ಟೋರಿ ಇದೆಯಾ?”

“ಇಲ್ಲ ಕೀರ್ತನ. ಹೇಳಲ್ಲ.”

“ನಮ್ಮನೇಲೇ ಕೂತು ಮಾತಾಡಿದ್ದನ್ನ ನಮಗೇ ಹೇಳಲ್ವಾ?” ಬೀರೇಶನ ದನಿ ಗಟ್ಟಿಯಾಯಿತು. “ಅಕ್ಕಯಮ್ಮ ಏನು ಹೊರಗಿನೋರಾ? ಮೇಲೆ ದುಡ್ಡೂ ವಾಪಸ್ ಕೊಟ್ಟು ಹೋಗವ್ರೆ ಅಂತ ಅಪ್ಪ ಅಂದ್ರು. ಉಮಾಶಂಕರ್‌ಗೆ ನಾನೇನು ಹೇಳ್ಲಿ ನಾಳೆ?”

“ರೂಮು ಖಾಲಿ ಇಲ್ಲ ಅನ್ನಿ,” ಎಂದಳು ಭಾನು. ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು, ದನಿ ಅಲುಗಲಿಲ್ಲವೆಂದು. “ನಿಮ್ಮ ಟ್ಯಾಕ್ಸಿಯಲ್ಲಿ ಕೂತೋರು ಫೋನಲ್ಲಿ ಆಡೋ ಮಾತೆಲ್ಲ ಬಂದು ನನಗೆ ಹೇಳ್ತೀರಾ?”

“ಹೇಳ್ತೀನಲ್ಲ!”

ಆದಿನಾರಾಯಣಪ್ಪ ಫಕ್ಕನೆ ನಕ್ಕು ಕೆಮ್ಮಿದ. ಭಾನುವಿಗೂ ನಗು ಬಂತು, ಆದರೆ ಸೋಲಲಿಲ್ಲ. “ನಾನು ಹೇಳಲ್ಲ ಕಣ್ರಿ. ಹೇಳಿದ ದಿನ ನೀವೇ ಬೇಕರಿ ಇಡಿ.”

ಬೀರೇಶ್ ತಾಯಿಯ ಕಡೆ ತಿರುಗಿದ. “ಅಮ್ಮ, ನೀನಾದ್ರೂ ಕೇಳು. ನಿನ್ನ ಸ್ನೇಹಿತೆ.”

ಬೈರಮ್ಮ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ಇಟ್ಟಿದ್ದಳು, ನುಂಗಿರಲಿಲ್ಲ. “ಹೇಳಲ್ಲ ಅಂದ್ಲಲ್ಲ ಅವಳು. ಉಣ್ಣಿ,” ಎಂದಳು. ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಆ ವಾರ ಬೀರೇಶ್ ಗೊಣಗುತ್ತಲೇ ಬೋರ್ಡಿಗೆ ಮೊಳೆ ಹೊಡೆದ. ಬೋರ್ಡು ಎಡಕ್ಕೆ ಸ್ವಲ್ಪ ವಾಲಿತು. ಇನ್ನೊಮ್ಮೆ ಏಣಿ ಹತ್ತುವ ತಾಳ್ಮೆ ಅವನಿಗಿರಲಿಲ್ಲ. ಭಾನು ಸಿಂಚನಳಿಗೆ ಫೋನು ಮಾಡಿ, ಸೋದರತ್ತೆ ಸತ್ತಿದ್ದು ಈಗಲ್ಲ, ಅವತ್ತು ತಾನು ಹೆದರಿ ಬಚ್ಚಲಲ್ಲಿ ಕೂತಿದ್ದೆ ಎಂದು ಹೇಳಿಬಿಟ್ಟಳು. “ನಾನೂ ನಿಮ್ಮ ಬೀದಿ ತಿರುವಲ್ಲಿ ತುಂಬ ಹೊತ್ತು ನಿಂತಿದ್ದೆ ಮೇಡಂ. ಬರ್ಲೋ ಬೇಡ್ವೋ ಅಂತ,” ಎಂದಳು ಹುಡುಗಿ. ಸೋಮವಾರ ಬರುವುದಾಗಿ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಭಾನು ಎಂದಿನ ಹಾಗೆ ಎದ್ದು, ನೀರು ಹಿಡಿದು, ರೊಟ್ಟಿ ತಟ್ಟಿ, ಮಗಳ ಡಬ್ಬಿ ಕಟ್ಟಿ, ಮಾವನ ಮಾತ್ರೆ ತೆಗೆದಿಟ್ಟು, ಮೈಯೆಲ್ಲ ನೋಯುತ್ತ ರೂಮಿನ ಶಟರ್ ಎತ್ತಿದಳು. ಅಂಗೈ ಇನ್ನೂ ತಣ್ಣಗೇ ಇತ್ತು. ಅಕ್ಕಯಮ್ಮ ಹೇಳಿದ ಹೊತ್ತಿಗೆ ಬಂದು ಕೂತಳು, ಈ ಸಲ ಕುರ್ಚಿಯ ಪೂರ್ತಿ ಒಳಗೆ. ಕೂತವಳು ಸೂರಿನ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು.

“ಏನಮ್ಮ ಅದು, ಆ ತೂತಿಗೆ ತುರುಕಿರೋದು?”

ಭಾನು ತಲೆಯೆತ್ತಿದಳು. ಕಿಂಡಿಯ ತುಂಬ ಕರಿಯ ಕಂಬಳಿ. ಮಡಿಸಿ, ಸಂದಿಲ್ಲದ ಹಾಗೆ, ಒತ್ತಿ ಒತ್ತಿ ತುಂಬಿದ್ದರು. ಅಂಚಿನ ಕೆಂಪು ದಾರ ನೋಡಿ ಗುರುತಾಯಿತು. ಅದು ಬೈರಮ್ಮ ಹೊದೆಯುವ ಕಂಬಳಿ.

ಗೋಡೆಯಾಚೆ ಎಣ್ಣೆಗೆ ಮೆಣಸಿನಕಾಯಿ ಬಿದ್ದಿರಬೇಕು. ಘಾಟು ಈ ಕಡೆ ಬರಲಿಲ್ಲ. ಮುಚ್ಚಿದ ಅಡುಗೆಮನೆಯೊಳಗೇ ಸುತ್ತಿ ನಿಂತಿರಬೇಕು. ಬೈರಮ್ಮ ಕೆಮ್ಮತೊಡಗಿದಳು. ಒಂದು ಕೆಮ್ಮು ಮುಗಿಯುವ ಮುಂಚೆ ಇನ್ನೊಂದು. ಕಂಬಳಿಯನ್ನು ದಾಟಿ ಅದು ದೂರದ ಮನೆಯ ಕೆಮ್ಮಿನ ಹಾಗೆ ಕೇಳುತ್ತಿತ್ತು.

ಅಕ್ಕಯಮ್ಮ ಕಿಂಡಿಯನ್ನು ನೋಡಿದಳು, ಕೆಮ್ಮನ್ನು ಕೇಳಿದಳು, ಮತ್ತೆ ಕಿಂಡಿಯನ್ನು ನೋಡಿದಳು. ಏನೋ ಗೊತ್ತಾದವಳ ಹಾಗೆ ನಿಧಾನಕ್ಕೆ ತಲೆ ತಗ್ಗಿಸಿದಳು.

“ಹುಚ್ಚಿ,” ಎಂದಳು. “ಕಿಟಕಿ ತೆಗೀಬಾರ್ದಾ ಅವಳು?”

“ಅಡುಗೆಮನೆಗೆ ಕಿಟಕಿ ಇಲ್ಲ ದೊಡ್ಡಮ್ಮ.”

ತಲೆಯ ಮೇಲೆ ಒಂದು ವಿಮಾನ ತಗ್ಗಿಗೆ ಬಂದು ಶಟರನ್ನು ಗಡಗಡ ಅಲುಗಿಸಿ ಹೋಯಿತು. ಅಕ್ಕಯಮ್ಮನ ಕೈ ಮಡಿಲಲ್ಲಿ ಅಂಗಾತವಾಗಿ ತೆರೆದುಕೊಂಡಿತು. ಆಚೆ ಕೆಮ್ಮು ಸೆರಗಿನೊಳಗೆ ಅಡಗಿತು.

ಭಾನು ತಣ್ಣಗಿದ್ದ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ.

“ಹೇಳಿ ದೊಡ್ಡಮ್ಮ,” ಎಂದಳು. “ಹೆಂಗಿದ್ದೀರಾ?”